ಹಸಿ ಉಳಿದ ಹುರುಳಿ

ಅತ್ತಮ್ಮಾ,

ನೀವಿದ್ದಾಗ ಮನೆಗೆ ಬಂದ ಕಾಗದಗಳನ್ನೆಲ್ಲ ನಿಮಗೆ ಓದಿ ಹೇಳುತ್ತಿದ್ದವಳು ನಾನೇ. ಮದುವೆಯ ಕರೆಯೋಲೆ ಇರಲಿ, ಇಲಾಖೆಯ ನೋಟೀಸಿರಲಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಏಮ್ಮಾ ಮಂಜುಳಾ, ಏನು ಬರ್ದವ್ರೆ ಓದು" ಎನ್ನುತ್ತಿದ್ದಿರಿ. ನಾನು ಓದುತ್ತಿದ್ದೆ. ನನಗೆ ಬೇಡವಾದ ಸಾಲು ಬಂದರೆ ಹಾರಿಸಿಬಿಡುತ್ತಿದ್ದೆ. ನಿಮ್ಮ ತಮ್ಮನ ಮಗಳ ಮದುವೆ ಪತ್ರಿಕೆಯ ಕೆಳಗೆ "ಎರಡು ದಿನ ಮೊದಲೇ ಬಾ ಅಕ್ಕಾ" ಎಂದು ಪೆನ್ನಿನಲ್ಲಿ ಬರೆದಿದ್ದರು, ಗೊತ್ತಾ? ಅದನ್ನು ನಾನು ಓದಲೇ ಇಲ್ಲ. ಎರಡು ದಿನ ಮೊದಲು ಹೋದರೆ ಅಲ್ಲಿಯ ಪಾತ್ರೆ ತೊಳೆಯುವವಳು ನಾನೇ ತಾನೆ? ಈಗ ಈ ಕಾಗದವನ್ನು ನಿಮಗೆ ಯಾರು ಓದಿ ಹೇಳುತ್ತಾರೋ. ಅಲ್ಲಿ ಓದು ಬಲ್ಲವರು ಯಾರಾದರೂ ಸಿಕ್ಕಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪೂರ್ತಿ ಕೇಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ.

ನಾನು ಗೌರಿಬಿದನೂರಿನಿಂದ ಮದುವೆಯಾಗಿ ಬಂದ ಮೊದಲ ವಾರ ನಡೆದದ್ದು ನೆನಪಿದೆ. ಆಗ ನಮ್ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಿರಿ. ಹುಳು ಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಉಸಿರು ಎಳೆದುಕೊಂಡಿರಿ. "ಆ ಮೂಲೆ ತಟ್ಟೇಲಿ ಹುಳಕ್ಕೆ ಸುಖ ಇಲ್ಲ, ತೆಗ್ದು ಆಚೆಗಾಕೋ" ಎಂದು ಮಗನಿಗೆ ಹೇಳಿದಿರಿ. ತಟ್ಟೆ ನೋಡಿದರೆ ಹುಳುಗಳು ಸೊಪ್ಪು ತಿನ್ನುತ್ತಲೇ ಇದ್ದವು. ನಿಮ್ಮ ಮಗ ಕೂಡಲೇ ತೆಗೆದರು. ಮರುದಿನ ಆಚೆ ಹಾಕಿದ ಹುಳುಗಳೆಲ್ಲ ಕಪ್ಪಾಗಿದ್ದವು. ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು, ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನೀವು ನನ್ನ ಕಡೆ ತಿರುಗಿ, "ನಿನ್ ಕಾಲೇಜಲ್ಲಿ ಮೂಗಿಗೆ ಪಾಠ ಹೇಳ್ಕೊಡಲ್ವೇನಮ್ಮಾ?" ಎಂದು ನಕ್ಕಿರಿ. ಆ ನಗು ನನಗೆ ಚುಚ್ಚಿತ್ತು. ಸಣ್ಣ ಮಾತು. ಆದರೂ ಎಷ್ಟು ವರ್ಷ ಇಟ್ಟುಕೊಂಡೆ ನೋಡಿ.

ಹುಳು ಮನೆ ಕೋಳಿ ಮನೆಯಾದದ್ದು ನನ್ನ ಹಟದಿಂದ. ಚಿಂತಾಮಣಿಯಲ್ಲಿ ಕೋಳಿ ಸಾಕಣೆಯ ತರಬೇತಿಗೆ ಹೋಗಿ ಬಂದಿದ್ದೆ. ನಾಟಿ ಕ್ರಾಸ್ ಮರಿ ತಂದೆವು. ಮೊದಲೆರಡು ಸಲ ಸೋಯಾ ಹಿಂಡಿ ಹಾಕಿಯೇ ಬೆಳೆಸಿದೆವು. ಆಮೇಲೆ ಸೋಯಾ ಕೈಗೆ ಎಟುಕದಂತಾಯಿತು, ಸಿಕ್ಕಿದ್ದೂ ಬೂಷ್ಟು ಹಿಡಿದು ಬರುತ್ತಿತ್ತು. ಒಂದು ದಿನ ನೀವು ಆ ಹಿಂಡಿಯನ್ನು ಮೂಗಿನ ಹತ್ತಿರ ಹಿಡಿದು ಅಲ್ಲೇ ಚೆಲ್ಲಿದಿರಿ. "ನಮ್ ಬೆಟ್ಟದ ಕೆಳಗಿನ ಹೊಲದಾಗೆ ಒಂದು ಮಳೆಗೆ ಹುರುಳಿ ಬರ್ತೈತೆ. ಎತ್ತಿಗೆ ಆಗಿದ್ದು ಕೋಳಿಗೆ ಯಾಕಾಗಲ್ಲ?" ಎಂದಿರಿ. ನಾನು ತರಬೇತಿಯ ನೋಟ್‌ಬುಕ್ ತೆಗೆದೆ. ಹಸಿ ಹುರುಳಿಯಲ್ಲಿ ಒಂದು ಅಂಶವಿದೆ, ಅದು ಕೋಳಿಯ ಹೊಟ್ಟೆಯಲ್ಲಿ ಪ್ರೋಟೀನು ಅರಗದಂತೆ ತಡೆಯುತ್ತದೆ, ಚೆನ್ನಾಗಿ ಬಿಸಿ ತಾಗಿದರೆ ಆ ಅಂಶ ಸಾಯುತ್ತದೆ ಎಂದು ಓದಿ ಹೇಳಿದೆ. "ಅಷ್ಟೇ ತಾನೆ, ಹುರಿಯಣ ಬಿಡು" ಎಂದಿರಿ. ಎಷ್ಟು ಜೋಳಕ್ಕೆ ಎಷ್ಟು ಹುರುಳಿ, ಎಷ್ಟು ಕಡಲೆಕಾಯಿ ಹಿಂಡಿ, ಎಷ್ಟು ಒಣಮೀನು ಅನ್ನುವುದೆಲ್ಲ ನನ್ನ ನೋಟ್‌ಬುಕ್ಕಿನದು. ಹುರಿಯುವುದು ನಿಮ್ಮದು. ಸೋಯಾ ಒಂದು ಕಾಳೂ ಇಲ್ಲದೆ ಕೋಳಿಗಳು ಗುಂಡುಗುಂಡಾಗಿ ಬೆಳೆದವು.

ನೀವು ಹುರಿಯುವುದನ್ನು ನೋಡುವುದೇ ಒಂದು ಚೆಂದ. ಕೋಳಿ ಮನೆಯ ಹಿಂದೆ ಮೂರು ಕಲ್ಲು, ಅದರ ಮೇಲೆ ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ಮರಳು, ಕೆಳಗೆ ಒಣಗಿದ ಹಿಪ್ಪುನೇರಳೆ ಕಡ್ಡಿಯ ಉರಿ. ಹುರುಳಿ ಮೊದಲೇ ಕಂದು, ಬಣ್ಣ ನೋಡಿ ಹದ ಹೇಳುವ ಹಾಗಿಲ್ಲ. ನೀವು ಕಣ್ಣು ಮುಚ್ಚಿ ನಿಲ್ಲುತ್ತಿದ್ದಿರಿ. ಹಸಿ ವಾಸನೆ ಹೋಗಿ ಘಮ್ಮೆಂದ ಕ್ಷಣಕ್ಕೆ ಸರಿಯಾಗಿ, "ಇಳಿಸು" ಎನ್ನುತ್ತಿದ್ದಿರಿ. ಒಮ್ಮೆ ನಾನು ಹದ ನೋಡಲು ಒಂದು ಕಾಳನ್ನು ಬಾಯಿಗೆ ಹಾಕಹೊರಟೆ. ಕೈಗೆ ಪಟ್ಟನೆ ಹೊಡೆದಿರಿ. "ಮೂಕ ಪ್ರಾಣಿ ಪಾಲು ಅದು. ಅವು ತಿನ್ನೋ ಮುಂಚೆ ನಾವು ಎಂಜಲು ಮಾಡಬಾರ್ದು ಕಣೇ." ನಿಮ್ಮ ತಾಯಿ ಎತ್ತಿನ ಹುರುಳಿಯನ್ನೂ ಹಾಗೇ ನೋಡಿಕೊಳ್ಳುತ್ತಿದ್ದರಂತೆ. ಅಂದಿನಿಂದ ನಮ್ಮನೆಯಲ್ಲಿ ಹುರುಳಿಯ ಹದ ನೋಡಲು ನಿಮ್ಮ ಮೂಗೊಂದೇ ಗತಿಯಾಯಿತು.

ಚಿಕ್ಕಬಳ್ಳಾಪುರದಲ್ಲಿ ನಿಮಗೆ ಶಾಲು ಹೊದಿಸಿದ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ನಿಮ್ಮ ಕೈಚೀಲ, ಕಾಲ ಹತ್ತಿರ ನಿಮ್ಮ ಚಪ್ಪಲಿ. ವೇದಿಕೆಗೆ ಬರಿಗಾಲಲ್ಲೇ ಹೋಗುತ್ತೇನೆಂದು ಬಿಟ್ಟು ಹೋಗಿದ್ದಿರಿ. ಸೋಯಾ ಬದಲು ನಮ್ಮ ನೆಲದ ಕಾಳಿನಲ್ಲಿ ಕೋಳಿ ಸಾಕಿದ ರೈತ ಮಹಿಳೆ ಎಂದು ಮೈಕಿನಲ್ಲಿ ಹೊಗಳಿದರು. ಎರಡು ಮಾತಾಡಿ ಎಂದಾಗ ನೀವು, "ಎಲ್ಲಾ ದೇವ್ರದು, ನಂದೇನೂ ಇಲ್ಲ" ಎಂದು ಕೈ ಮುಗಿದು ಇಳಿದಿರಿ. ದೇವರ ಹೆಸರು ಬಂತು ಅತ್ತಮ್ಮಾ. ನನ್ನ ಹೆಸರು ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಶಾಲನ್ನು ನನಗೇ ಹೊದಿಸಿ, "ಚಳಿ ಐತೆ, ಹೊದ್ಕೊ" ಎಂದಿರಿ. ಶಿಡ್ಲಘಟ್ಟ ಬರುವ ತನಕ ನಾನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ. ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ನಾರಾಯಣಮ್ಮನ ಕೈಗುಣ. ಯಾರ ಮನೆಯಲ್ಲಿ ಕೋಳಿ ಕಾವಿಗೆ ಕೂತರೂ ಕೆಳಗೆ ಮೊಟ್ಟೆ ಇಡಲು ನೀವೇ ಹೋಗಬೇಕು. ನೀವು ಇಟ್ಟ ಮೊಟ್ಟೆ ಒಂದೂ ಕೆಡುವುದಿಲ್ಲ ಎಂದು ಪಕ್ಕದ ಮನೆ ಪಾಪಮ್ಮ ಆಣೆ ಮಾಡಿ ಹೇಳುತ್ತಿದ್ದಳು. ನನ್ನ ನೋಟ್‌ಬುಕ್ಕಿಗೆ ಕೈಗುಣ ಇದೆ ಎಂದು ಯಾರೂ ಹೇಳಲಿಲ್ಲ.

ಕೊರೋನಾ ಮುಗಿಯಿತು ಎಂದು ಊರೆಲ್ಲ ಅಂದುಕೊಂಡ ಮೇಲೆ ಅದು ನಮ್ಮನೆಗೆ ಬಂತು. ಮೂವರೂ ಮಲಗಿದೆವು, ಮೂವರೂ ಎದ್ದೆವು. ನನಗೂ ನಿಮ್ಮ ಮಗನಿಗೂ ಹೋಗಿದ್ದ ವಾಸನೆ ಹದಿನೈದು ದಿನದಲ್ಲಿ ಹಿಂದಿರುಗಿತು. ನಿಮ್ಮನ್ನು ಕೇಳಿದರೆ, "ನಂಗೇನಾಗೈತೆ? ಎಲ್ಲಾ ಸರಿಯಾಗೈತೆ" ಎಂದಿರಿ. ಆಮೇಲೆ ಒಂದು ಮಧ್ಯಾಹ್ನ ರಾಗಿ ಡ್ರಮ್ಮಿನ ಹಿಂದೆ ಇಲಿ ಸತ್ತು ಕೊಳೆತಿತ್ತು. ಹೊಲದಿಂದ ಬಂದ ನನಗೆ ಬಾಗಿಲಲ್ಲೇ ನಾತ ಬಡಿಯಿತು. ನೀವು ಅದೇ ಡ್ರಮ್ಮಿಗೆ ಬೆನ್ನು ಕೊಟ್ಟು ಮುದ್ದೆ ಉಣ್ಣುತ್ತಿದ್ದಿರಿ. ನಾನು ಸೆರಗನ್ನು ಮೂಗಿಗೆ ಹಿಡಿದೆ. ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ. ನೋಡಿದ ಮೇಲೆ, ಎಡಗೈಯಲ್ಲಿ, ನಿಧಾನವಾಗಿ, ನಿಮ್ಮ ಸೆರಗನ್ನೂ ಮೂಗಿಗೆ ಹಿಡಿದಿರಿ. "ಥೂ, ಏನು ನಾತ ಅಂತೀನಿ" ಎಂದಿರಿ.

ಆ ಕ್ಷಣ ನನಗೆ ಗೊತ್ತಾಯಿತು.

ಗೊತ್ತಾದ ಮೇಲೆ ಏನು ಮಾಡಬೇಕಿತ್ತು? ಪಕ್ಕ ಕೂತು, "ಅತ್ತಮ್ಮಾ, ಡಾಕ್ಟರ ಹತ್ರ ಹೋಗಣ ಬನ್ನಿ" ಎನ್ನಬೇಕಿತ್ತು. ಇಲ್ಲವೇ, ಹುರಿಯುವಾಗ ಜೊತೆಗೆ ನಿಲ್ಲುತ್ತೇನೆ ಎನ್ನಬಹುದಿತ್ತು. ನಾನು ಇಲಿ ಎತ್ತಿ ಆಚೆ ಹಾಕಿ ಬಂದು ಕೈ ತೊಳೆದುಕೊಂಡೆ. ನಿಜ ಹೇಳುತ್ತೇನೆ, ಒಳಗೆ ಸಣ್ಣಗೆ ಖುಷಿಯಾಗಿತ್ತು.

ಮುಂದಿನ ವಾರ ಹೊಸ ಮರಿ ಬಂದವು, ಐನೂರು. ನೀವು ಹುರುಳಿ ಹುರಿಯಲು ನಿಂತಿರಿ. ಎಂದಿನಂತೆ ಕಣ್ಣು ಮುಚ್ಚಿದಿರಿ. ಮತ್ತೆ ತೆರೆದಿರಿ. ಮತ್ತೆ ಮುಚ್ಚಿದಿರಿ. ಆಮೇಲೆ ನನ್ನ ಕಡೆ ನೋಡದೆ, ಬಾಣಲೆ ಕೆದಕುತ್ತಲೇ ಕೇಳಿದಿರಿ: "ಏನೇ, ಘಮ್ ಅಂತೈತಲ್ಲಾ?" ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಹಾಗೆ ಕೇಳಿದವರಲ್ಲ ನೀವು. ಅದು ಮಾತಾಗಿರಲಿಲ್ಲ, ಕೈ ಚಾಚಿದ್ದು. ನನ್ನ ಮೂಗಿಗೆ ಹಸಿ ವಾಸನೆ ಕುಟುಕುವ ಹಾಗೆ ಬಡಿಯುತ್ತಿತ್ತು. ನಾನು "ಹೂಂ ಅತ್ತಮ್ಮಾ" ಎಂದೆ. ನೀವು ಇಳಿಸಿದಿರಿ. ಅದರ ಮುಂದಿನ ಬಾಣಲೆಗೂ ಕೇಳಿದಿರಿ, ಅದಕ್ಕೂ ಹೂಂ ಎಂದೆ. ಆರು ಬಾಣಲೆ, ಆರು ಹೂಂ.

ನಾನು ಅಂದುಕೊಂಡದ್ದು ಇಷ್ಟೇ. ಮರಿಗಳು ಸ್ವಲ್ಪ ಸೊರಗುತ್ತವೆ, ಊರವರ ಕಣ್ಣಿಗೆ ಬೀಳುತ್ತದೆ, ನೀವಾಗಿಯೇ ಸೌಟನ್ನು ನನ್ನ ಕೈಗೆ ಕೊಡುತ್ತೀರಿ, ಆಮೇಲೆ ನಾನು ಸರಿ ಮಾಡುತ್ತೇನೆ. ಸಾಯುತ್ತವೆ ಎಂದು ಅಂದುಕೊಂಡಿರಲಿಲ್ಲ. ಇದನ್ನು ನೀವು ನಂಬುತ್ತೀರಾ? ನಾನೇ ಕೆಲವು ಸಲ ನಂಬುವುದಿಲ್ಲ. ಪ್ರೋಟೀನು ಅರಗದ ಮರಿಗೆ ಏನಾಗುತ್ತದೆ ಎಂದು ಈ ಊರಿನಲ್ಲಿ ಓದಿ ತಿಳಿದಿದ್ದವಳು ನಾನೊಬ್ಬಳೇ.

ಎರಡನೇ ವಾರಕ್ಕೆ ಮರಿಗಳ ಹಿಂಭಾಗ ಅಂಟಂಟಾಯಿತು. ಹಾಸಿದ್ದ ಕಡಲೆಕಾಯಿ ಹೊಟ್ಟು ಒದ್ದೆಯಾಗಿ ಮುದ್ದೆಗಟ್ಟಿತು. ರೆಕ್ಕೆ ಜೋತುಬಿಟ್ಟು ಗುಂಪುಗುಂಪಾಗಿ ಮೂಲೆಗೆ ಸೇರುತ್ತಿದ್ದವು. ನೀವು ಒಂದೊಂದನ್ನೇ ಎತ್ತಿ ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದಿರಿ. ಆಮೇಲೆ ಒದ್ದೆ ಹೊಟ್ಟಿನಿಂದ ರಕ್ತಭೇದಿ ಹಿಡಿಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಮಂಕರಿ ತುಂಬುವಷ್ಟು ಸತ್ತಿರುತ್ತಿದ್ದವು. ನಾನು ಮೊದಲ ದಿನವೇ ಆಹಾರ ಬದಲಿಸಬಹುದಿತ್ತು. ಬದಲಿಸಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಐದು ದಿನ ತಡ ಮಾಡಿದೆ ಅತ್ತಮ್ಮಾ, ಬರೀ ಆ ಒಂದು ಪ್ರಶ್ನೆಗೆ ಹೆದರಿ.

ಚಿಂತಾಮಣಿಯಿಂದ ಪಶುವೈದ್ಯರು ಬಂದ ದಿನ ನೀವು ನೇರಳೆ ಅಂಚಿನ ಸೀರೆ ಉಟ್ಟಿದ್ದಿರಿ. ಅವರು ಗೋಣಿಚೀಲದ ಮೇಲೆ ಒಂದು ಸತ್ತ ಮರಿಯನ್ನು ಕೊಯ್ದು, ಕರುಳಿನ ಮಡಿಕೆಯಲ್ಲಿದ್ದ ಒಂದು ಗ್ರಂಥಿಯನ್ನು ಕತ್ತರಿಯ ತುದಿಯಲ್ಲಿ ಎತ್ತಿ ತೋರಿಸಿದರು. "ನೋಡಿ, ಇದು ಊದಿಕೊಂಡಿದೆ. ಭೇದಿ ಆಮೇಲೆ ಬಂದಿರೋದು. ಹುರುಳಿ ಹಸಿ ಏನಾದ್ರೂ ಉಳಿದಿತ್ತಾ?" ಎಂದು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ನಿಮ್ಮ ಮಗನೂ ನೋಡಿದರು. ಗೋಡೆಯ ಆ ಕಡೆಯಿಂದ ಪಾಪಮ್ಮನೂ ನೋಡುತ್ತಿದ್ದಳು. ನಾನು ಹೇಳಿದೆ: "ಇಲ್ಲ ಸಾರ್, ನಾನು ಪಕ್ಕದಲ್ಲೇ ನಿಂತಿದ್ದೆ. ಚೆನ್ನಾಗಿ ಹುರಿದಿದ್ರು."

ಎಲ್ಲರ ಕಣ್ಣಿಗೂ ಅದು ಅತ್ತೆಯ ಪರ ವಹಿಸಿದ ಹಾಗೆ ಕಂಡಿತು. ವೈದ್ಯರು ಔಷಧಿ ಬರೆದು ಹೊರಟರು. ಹುರುಳಿಯದು ತಪ್ಪಲ್ಲ ಎಂದ ಮೇಲೆ ಇನ್ನು ಯಾರದು? ಸಂಜೆಯೊಳಗೆ ಪಾಪಮ್ಮನೇ ಶುರು ಮಾಡಿದಳು. "ಏನೋಪ್ಪ, ನಾರಾಯಣಮ್ಮನ ಕೈಗುಣ ಹೋಯ್ತು ಅನ್ಸುತ್ತೆ." ಐನೂರರಲ್ಲಿ ನಲವತ್ತು ಉಳಿದವು. ಹಳ್ಳ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮಾರನೆಯ ದಿನ ನೀವು ಬಾಣಲೆಯನ್ನು ಉಜ್ಜಿ ತೊಳೆದು, ಸೌಟನ್ನು ನನ್ನ ಕೈಗೆ ಕೊಟ್ಟಿರಿ. "ಇನ್ಮೇಲೆ ನೀನೇ ಹುರಿಯಮ್ಮ. ನನ್ ಕೈ ಒಳ್ಳೇದಲ್ಲ." ನಾನು ತೆಗೆದುಕೊಂಡೆ. ಒಂದು ಸಲವಾದರೂ ಬೇಡ ಎನ್ನಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನೀವು ಬಯ್ಯುವುದನ್ನೂ ಬಿಟ್ಟಿರಿ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದಿರಿ. ಯಾರೂ ನಿಮ್ಮನ್ನು ಮೊಟ್ಟೆ ಇಡಲು ಕರೆಯಲಿಲ್ಲ. ಒಂದು ಬೆಳಿಗ್ಗೆ ಪಾಪಮ್ಮ ತನ್ನ ಕೋಳಿಯ ಕೆಳಗೆ ಮೊಟ್ಟೆ ಇಡಲು ಕೆಳಗಿನ ಬೀದಿಯಿಂದ ಒಬ್ಬ ಮುದುಕಿಯನ್ನು ಕರೆತಂದಿದ್ದಳು. ನೀವು ಗೋಡೆಯ ಈ ಕಡೆ ಬಟ್ಟೆ ಹರವುತ್ತಿದ್ದಿರಿ. ಅಲ್ಲೇ ನಿಂತಿರಿ, ಕೈಯಲ್ಲಿ ಒದ್ದೆ ಟವೆಲ್ಲು, ಕೊನೆಯ ಮೊಟ್ಟೆ ಇಡುವವರೆಗೂ ನೋಡಿದಿರಿ. ಆಮೇಲೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಿರಿ. ನಾನು ಹುರುಳಿ ಹುರಿಯುತ್ತಿದ್ದೆ. ಆ ದಿನ ಹದ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ನಿಮಗೊಬ್ಬರಿಗೆ ಗೊತ್ತಾಗಲಿಲ್ಲ.

ಎದೆ ಹಿಡಿದುಕೊಂಡಿದೆ ಎಂದು ನೀವು ಹೇಳಿದ್ದು ಹಿಟ್ಟು ಉಣ್ಣುವ ಹೊತ್ತಿಗೆ. ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೊರಟೆವು. ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಹೇಳಿಬಿಡೋಣ, ಈಗ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮುಂದಿನ ಸೀಟಿನಲ್ಲಿ ನಿಮ್ಮ ಮಗ ಇದ್ದರು. ಶಿಡ್ಲಘಟ್ಟ ದಾಟಲಿ ಅಂದುಕೊಂಡೆ, ದಾಟುವಷ್ಟರಲ್ಲಿ ನೀವು...

ಇದೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅನ್ನುತ್ತೀರಾ? ನಾಳೆ ನಿಮ್ಮ ವರ್ಷದ ಎಡೆ. ಕೋಳಿ ಮನೆ ಮತ್ತೆ ತುಂಬಿದೆ. ಸೋಯಾ ಇಲ್ಲದೆಯೇ, ನಿಮ್ಮ ಹುರುಳಿಯಲ್ಲೇ ಬೆಳೆದಿವೆ. ಇವತ್ತು ಬೆಳಿಗ್ಗೆ ಪಾಪಮ್ಮ ಒಂದು ಬುಟ್ಟಿ ಮೊಟ್ಟೆ ಹಿಡಿದು ಬಂದಳು. "ಮಂಜುಳಾ, ನನ್ ಕೋಳಿ ಕಾವಿಗೆ ಕೂತೈತೆ. ನೀನೇ ಬಂದು ಇಡಮ್ಮ. ನಿಮ್ಮತ್ತೆ ಹತ್ರ ನಿಲ್ಲದೇ ಹೋದ ಕೈಗುಣ ನಿನ್ ಕೈಗೆ ಬಂದೈತೆ." ಒಂದು ಕಾಲದಲ್ಲಿ ಈ ಮಾತಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಬಿಟ್ಟಿದ್ದೆ. ಆಮೇಲೆ ಬರುತ್ತೇನೆಂದು ಹೇಳಿ ಅವಳನ್ನು ಕಳಿಸಿದೆ. ಬುಟ್ಟಿ ಪಡಸಾಲೆಯಲ್ಲೇ ಉಳಿಯಿತು.

ಎಡೆಗೆ ಹೊಸ ಸೀರೆಯ ಜೊತೆ ಉಟ್ಟ ಸೀರೆಯೊಂದನ್ನೂ ಇಡುವುದು ನಿಮ್ಮ ಮನೆಯ ಪದ್ಧತಿ ಅಲ್ಲವೇ. ಅದಕ್ಕೆ ನಿಮ್ಮ ಟ್ರಂಕು ತೆಗೆದೆ. ಎಲ್ಲಕ್ಕಿಂತ ಅಡಿಯಲ್ಲಿ ಆ ನೇರಳೆ ಅಂಚಿನ ಸೀರೆ, ಒಗೆಯದೆ ಸುತ್ತಿ ಇಟ್ಟದ್ದು. ವೈದ್ಯರು ಬಂದ ದಿನದ ಆಚೆಗೆ ನೀವು ಅದನ್ನು ಉಟ್ಟದ್ದು ನಾನು ನೋಡಿಲ್ಲ. ಸೆರಗಿನ ತುದಿಯಲ್ಲಿ ಗಂಟಿತ್ತು. ಎಲೆ ಅಡಿಕೆ ಇರಬೇಕೆಂದು ಬಿಚ್ಚಿದೆ. ಒಂದು ಹಿಡಿ ಹುರುಳಿ. ಒಂದೊಂದು ಕಾಳೂ ಎರಡು ಹೋಳು. ಒಂದೊಂದರ ಮೇಲೂ ಹಲ್ಲಿನ ಗುರುತು. ಹೊರಗೆ ಮಾತ್ರ ಕರಕು, ಒಳಗೆಲ್ಲ ಬೆಳ್ಳಗೆ, ಹಸಿ.

ನೀವು ಎಂಜಲು ಮಾಡಿದಿರಿ ಅತ್ತಮ್ಮಾ. ಅವತ್ತು ವೈದ್ಯರು ಹೋದ ಮೇಲೆ, ಯಾರೂ ಇಲ್ಲದಾಗ, ಕಾಳಿನ ಡಬ್ಬಕ್ಕೆ ಕೈ ಹಾಕಿ, ಇದ್ದ ಎರಡು ದವಡೆ ಹಲ್ಲಿನಲ್ಲಿ ಒಂದೊಂದೇ ಕಾಳು ಕಚ್ಚಿ ನೋಡಿದಿರಿ. ಕಚ್ಚಿದ್ದನ್ನು ಕೋಳಿಗೆ ಎಸೆಯಲು ಮನಸ್ಸು ಬರದೆ ಸೆರಗಿಗೆ ಕಟ್ಟಿಕೊಂಡಿರಿ. ಅಂದರೆ ಮಾರನೆಯ ದಿನ ಸೌಟು ಕೊಡುವಾಗಲೇ ನಿಮಗೆ ಗೊತ್ತಿತ್ತು. ನನ್ನ ಹೂಂ ಸುಳ್ಳು ಎಂದು ಗೊತ್ತಿತ್ತು. "ಇವಳೇ ಘಮ್ ಅಂತೈತೆ ಅಂದ್ಳು" ಎಂದು ಒಂದು ಮಾತು ಮಗನಿಗೆ ಹೇಳಿದ್ದರೆ ನಿಮ್ಮ ಮಾನ ಉಳಿಯುತ್ತಿತ್ತು. ಯಾಕೆ ಹೇಳಲಿಲ್ಲ? ಪಾಪ, ಸೊಸೆ ಅತ್ತೆಗೆ ಎದುರಾಡಬಾರದೆಂದು ಹೂಂ ಅಂದಳು ಎಂದುಕೊಂಡಿರಾ? "ಮೂಗು ಹೋದದ್ದನ್ನು ನಾನೂ ತಾನೆ ಮುಚ್ಚಿಟ್ಟೆ, ತಪ್ಪು ನನ್ನದೇ" ಎಂದುಕೊಂಡಿರಾ? ಒಂದು ಮಾತಾದರೂ ಬೈಯಬೇಕಿತ್ತು. ಆ ಹುರುಳಿಯನ್ನು ನನ್ನ ಮುಖಕ್ಕೆ ಎಸೆಯಬೇಕಿತ್ತು. ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟೆ. ನೀವು ಸತ್ತ ದಿನ ಅತ್ತದ್ದು ಊರಿಗಾಗಿ, ಇವತ್ತಿನದು ಹಾಗಲ್ಲ.

ಹಾಗಾಗಿ ನಿಮಗೆ ಗೊತ್ತಿಲ್ಲದ ಸುದ್ದಿ ಇಷ್ಟೇ ಉಳಿದಿದೆ. ನಿಮ್ಮ ಮೂಗು ಹೋದದ್ದು ನನಗೆ ಗೊತ್ತಿತ್ತು. ಇಲಿ ಸತ್ತ ಮಧ್ಯಾಹ್ನದಿಂದಲೇ ಗೊತ್ತಿತ್ತು. ಹುರುಳಿ ಹಸಿ ಇದೆ ಎಂದು ಗೊತ್ತಿದ್ದೇ ಆರು ಸಲ ಹೂಂ ಎಂದೆ. ನಿಮ್ಮ ಕೈಗುಣ ಎಲ್ಲಿಗೂ ಹೋಗಿರಲಿಲ್ಲ.

ನಾಳೆ ಎಡೆಗೆ ನಿಮ್ಮ ತಮ್ಮನವರು ಬರುತ್ತಾರೆ. ಪಾಪಮ್ಮ ಬರುತ್ತಾಳೆ, ಬೀದಿಯವರೆಲ್ಲ ಬರುತ್ತಾರೆ. ನಿಮ್ಮ ಮಗ ಇರುತ್ತಾರೆ. ನಾನು ಆ ಗಂಟನ್ನು ನಿಮ್ಮ ಫೋಟೋದ ಮುಂದೆ ಬಿಚ್ಚಿ ಇಡುತ್ತೇನೆ. ಆಮೇಲೆ ಪಡಸಾಲೆಯ ಕಂಬದ ಹತ್ತಿರ, ನೀವು ಒರಗಿ ಕೂರುತ್ತಿದ್ದ ಕಡೆಗೆ ಮುಖ ಮಾಡಿ ನಿಂತು ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿಸಿದ ಮೇಲೆ ಈ ಮನೆಯಲ್ಲಿ ನನಗೆ ಜಾಗ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಪಾಪಮ್ಮನ ಬುಟ್ಟಿಯನ್ನಂತೂ ಅವಳಿಗೇ ಹಿಂದಿರುಗಿಸುತ್ತೇನೆ.

ಕೇಳಿಸಿಕೊಳ್ಳಿ ಅತ್ತಮ್ಮಾ. ಈ ಸಲ ಒಂದು ಸಾಲನ್ನೂ ಹಾರಿಸುವುದಿಲ್ಲ.

ನಿಮ್ಮ ಸೊಸೆ,
ಮಂಜುಳ